ಒಂದೇ ದೈವ, ಹಲವು ಕಟ್ಟು: ಶಿರ್ತಾಡಿ ಪರಿಸರದ ಭೂತಾರಾಧನೆಯ ಒಳಪರಂಪರೆಗಳು

ಭೂತಾರಾಧನೆಯನ್ನು ಕುರಿತು ಒಂದೂಕಾಲು ಶತಮಾನಕ್ಕೂ ಮಿಕ್ಕಿ ನಡೆದಿರುವ ಬರವಣಿಗೆಯಲ್ಲಿ ‘ತುಳುನಾಡಿನ ಭೂತಾರಾಧನಾ ಪರಂಪರೆ’ ಎಂಬ ಏಕವಚನ ಪ್ರಯೋಗವು ಹೆಚ್ಚಿನ ಆಕ್ಷೇಪವಿಲ್ಲದೆ ರೂಢಿಗೆ ಬಂದಿದೆ. ಧರ್ಮಗ್ರಂಥವಿಲ್ಲದ, ಸ್ಥಾಪಕನಿಲ್ಲದ, ಕೇಂದ್ರಪೀಠವಿಲ್ಲದ ಆರಾಧನೆಯೊಂದನ್ನು ಒಂದೇ ಹೆಸರಿನಿಂದ ಕರೆಯುವುದು ಅಧ್ಯಯನದ ಅನುಕೂಲಕ್ಕೆ ಸರಿಯಾದೀತು. ಆದರೆ ನೇಮದ ಅಂಗಳದಲ್ಲಿ ರಾತ್ರಿಯಿಡೀ ಕುಳಿತವರಿಗೆ ಈ ಏಕವಚನ ನಿಲ್ಲುವುದಿಲ್ಲವೆಂಬುದು ಬೇಗನೆ ತಿಳಿಯುತ್ತದೆ. ಈ ಊರಿನಲ್ಲಿ ನೋಡಿದ ದೈವವೇ ಪಕ್ಕದ ಊರಿನಲ್ಲಿ ಬೇರೆ ಅಣಿ ಕಟ್ಟುತ್ತದೆ, ಬೇರೆ ಜೊತೆಗಾರನೊಂದಿಗೆ ಬರುತ್ತದೆ, ತಾನು ಇಳಿದು ಬಂದ ದಾರಿಯನ್ನು ಬೇರೆಯಾಗಿ ನುಡಿಯುತ್ತದೆ. ಈ ಭಿನ್ನತೆಗಳನ್ನು ‘ಪಾಠಾಂತರ’, ‘ಸ್ಥಳೀಯ ವ್ಯತ್ಯಾಸ’ ಎಂದು ಅಡಿಟಿಪ್ಪಣಿಗೆ ಸರಿಸುವುದು ನಮ್ಮ ಅಭ್ಯಾಸವಾಗಿದೆ. ಅವು ಅಡಿಟಿಪ್ಪಣಿಗಳಲ್ಲ, ಪ್ರತಿಯೊಂದೂ ತನ್ನದೇ ಆದ ಅಧಿಕಾರಮೂಲವುಳ್ಳ ಒಳಪರಂಪರೆಗಳು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲು ಪ್ರಯತ್ನಿಸಲಾಗಿದೆ. ಅವುಗಳ ಮೇಲೆ ಇಂದು ಬೀಳುತ್ತಿರುವ ಒತ್ತಡಗಳಲ್ಲಿ ನಾವು, ಎಂದರೆ ಸಂಶೋಧಕರು, ಅಚ್ಚು ಹಾಕಿಸಿದ ಪಾಠಗಳ ಪಾಲೂ ಇದೆ. ಅದನ್ನು ಕೊನೆಯಲ್ಲಿ ಚರ್ಚಿಸಲಾಗುವುದು.

ಚರ್ಚೆಯ ಕೇಂದ್ರವಾಗಿ ಶಿರ್ತಾಡಿಯ ಪರಿಸರವನ್ನು ಆರಿಸಿಕೊಳ್ಳಲು ಕಾರಣವಿದೆ. ಇಂದು ಮೂಡುಬಿದಿರೆ ತಾಲೂಕಿಗೆ ಸೇರಿರುವ ಈ ಗ್ರಾಮವು ಕಾರ್ಕಳ, ಮೂಡುಬಿದಿರೆ, ವೇಣೂರುಗಳ ನಡುವಣ ತ್ರಿಕೋನದೊಳಗಿದೆ. ಕಾರ್ಕಳದಲ್ಲಿ ಭೈರರಸರು, ಪುತ್ತಿಗೆ-ಮೂಡುಬಿದಿರೆಗಳಲ್ಲಿ ಚೌಟರು, ವೇಣೂರಿನಲ್ಲಿ ಅಜಿಲರು – ಹೀಗೆ ಮೂರು ಜೈನ ಅರಸುಮನೆತನಗಳ ಆಳ್ವಿಕೆಯ ಅಂಚುಗಳು ಈ ಭಾಗದಲ್ಲಿ ಒಂದನ್ನೊಂದು ತಾಗುತ್ತಿದ್ದವು. ಇಂದಿನ ಆಡಳಿತದಲ್ಲಿಯೂ ಇದು ಗಡಿಪ್ರದೇಶವೇ. 1997ರಲ್ಲಿ ಉಡುಪಿ ಜಿಲ್ಲೆ ರೂಪುಗೊಂಡ ಬಳಿಕ ಕಾರ್ಕಳ ಆ ಜಿಲ್ಲೆಗೆ ಸೇರಿತು. ಮೂಡುಬಿದಿರೆ, ಬೆಳ್ತಂಗಡಿಗಳು ದಕ್ಷಿಣ ಕನ್ನಡದಲ್ಲಿಯೇ ಉಳಿದವು. ಅರಸೊತ್ತಿಗೆಗಳ ಅಂಚಿನಲ್ಲಿದ್ದ ಊರುಗಳಲ್ಲಿ ಭಿನ್ನ ಪದ್ಧತಿಗಳು ಒಂದರ ಪಕ್ಕ ಒಂದು ಬಾಳುವುದನ್ನು ಕಾಣುವುದು ಸುಲಭ. ನಡುನಾಡಿನಲ್ಲಿ ಇಷ್ಟು ಸ್ಪಷ್ಟವಾಗಿ ಕಾಣದ ಗೆರೆಗಳು ಇಲ್ಲಿ ಎದ್ದು ತೋರುತ್ತವೆ.

ಕಟ್ಟು ಎಂಬ ಪದ

ಭೂತಾರಾಧನೆಯ ಒಳಭೇದಗಳನ್ನು ಸೂಚಿಸಲು ಜನರು ‘ಪರಂಪರೆ’ ಎಂಬ ಸಂಸ್ಕೃತ ಪದವನ್ನು ಬಳಸುವುದು ಕಡಿಮೆ. ಅವರ ಬಾಯಲ್ಲಿ ಬರುವುದು ‘ಕಟ್ಟ್’ ಎಂಬ ತುಳು ಪದ, ಅಥವಾ ‘ಕಟ್ಟುಕಟ್ಟಳೆ’ ಎಂಬ ಜೋಡುನುಡಿ. ಊರಿನ ಕಟ್ಟು, ಗುತ್ತಿನ ಕಟ್ಟು, ಚಾವಡಿಯ ಕಟ್ಟು ಎಂಬ ಮಾತುಗಳನ್ನು ಕ್ಷೇತ್ರಕಾರ್ಯದಲ್ಲಿ ಪದೇ ಪದೇ ಕೇಳುತ್ತೇವೆ. ಇದೇ ಧಾತು ಇನ್ನೆರಡು ಅರ್ಥಗಳಲ್ಲಿಯೂ ಬಳಕೆಯಲ್ಲಿದೆ. ದೈವದ ವೇಷ ಧರಿಸುವವರನ್ನು ‘ಭೂತ ಕಟ್ಟುವವರು’ ಎನ್ನುತ್ತಾರೆ; ಪಾಡ್ದನವನ್ನು ಹಾಡಿ ಬೆಳೆಸುವುದನ್ನೂ ‘ಕಟ್ಟುವುದು’ ಎನ್ನುತ್ತಾರೆ. ನಿಯಮ, ವೇಷ, ಹಾಡು ಈ ಮೂರಕ್ಕೂ ಒಂದೇ ಪದವಿರುವುದು ಆಕಸ್ಮಿಕವಿರಬಹುದು. ಆದರೂ ಒಂದು ಒಳಪರಂಪರೆಯನ್ನು ಗುರುತಿಸಬೇಕಾದರೆ ಈ ಮೂರನ್ನೂ ಒಟ್ಟಿಗೆ ನೋಡಬೇಕೆಂಬುದು ನನ್ನ ಅನುಭವ.

ಮೊದಲನೆಯದು ನೆಲದ ಕಟ್ಟು. ಮನೆ, ಗುತ್ತು, ಗ್ರಾಮ, ಮಾಗಣೆ, ಸೀಮೆ ಎಂಬ ಶ್ರೇಣಿಯಲ್ಲಿ ದೈವಕ್ಕೆ ಸ್ಥಾನ ನಿರ್ಣಯವಾಗುತ್ತದೆ. ಒಂದು ಮನೆಯ ಪಡಸಾಲೆಯಲ್ಲಿ ವರ್ಷಕ್ಕೊಮ್ಮೆ ತಂಬಿಲ ಅಥವಾ ಅಗೆಲು ಸ್ವೀಕರಿಸಿ ತೃಪ್ತವಾಗುವ ಪಂಜುರ್ಲಿಯೇ ಇನ್ನೊಂದೆಡೆ ಗ್ರಾಮದೈವವಾಗಿ ಭಂಡಾರದ ಮೆರವಣಿಗೆ, ಕೊಡಿಯೇರಿಕೆ, ನೇಮಗಳನ್ನು ಪಡೆಯುತ್ತದೆ. ಬೆಳ್ತಂಗಡಿ, ಮೂಡುಬಿದಿರೆ ಭಾಗಗಳಲ್ಲಿ ವ್ಯಾಪಕವಾಗಿ ನೇಮ ಪಡೆಯುವ ಕೊಡಮಣಿತ್ತಾಯನನ್ನು ‘ರಾಜನ್ ದೈವ’ವೆಂದು ಪರಿಗಣಿಸುತ್ತಾರೆ. ಅರಸುಮನೆತನಗಳೊಂದಿಗೆ, ಬೀಡುಗಳೊಂದಿಗೆ ಸಂಬಂಧವಿರುವ ದೈವಗಳಿಗೆ ಈ ಸ್ಥಾನ ಸಲ್ಲುತ್ತದೆ. ಅಂತಹ ದೈವದ ಮದಿಪು, ಎಂದರೆ ಬಿನ್ನಹದ ಮಾತು, ಊರಿನ ಸಮಸ್ತರ ಪರವಾಗಿ ನಡೆಯುತ್ತದೆ. ಕರೆಯುವ ಕ್ರಮದಲ್ಲಿ ಯಾವ ಗುತ್ತಿನ ಹೆಸರು ಮೊದಲು, ಯಾವುದು ಅನಂತರ ಎಂಬುದು ಕಟ್ಟಿನ ಪ್ರಕಾರವೇ ನಡೆಯಬೇಕು. ಈ ಕ್ರಮ ತಪ್ಪಿದುದರಿಂದ ನೇಮ ನಿಂತುಹೋದ ಪ್ರಸಂಗಗಳ ನೆನಪು ಹಳ್ಳಿಹಳ್ಳಿಗಳಲ್ಲಿದೆ.

ಜೈನ ಮನೆತನಗಳು ಭೂತಾರಾಧನೆಯ ಯಜಮಾನಿಕೆಯನ್ನು ವಹಿಸಿಕೊಂಡು ಬಂದಿರುವುದು ಈ ಪರಿಸರದ ವಿಶೇಷ. ಬಸದಿಯಲ್ಲಿ ತೀರ್ಥಂಕರರ ಪೂಜೆ, ಬೀಡಿನಲ್ಲಿ ದೈವದ ನೇಮ ಎರಡೂ ಒಂದೇ ಮನೆತನದ ಹೊಣೆಯಾಗಿದ್ದಲ್ಲಿ ರಕ್ತಾಹಾರದ ಪ್ರಶ್ನೆ ಏಳುವುದು ಸಹಜ. ಕೆಲವೆಡೆ ದೈವ ಹಾಲು, ಹಣ್ಣು, ಎಳನೀರುಗಳಿಗೆ ಒಪ್ಪಿಕೊಂಡಿರುತ್ತದೆ. ಕೆಲವೆಡೆ ಆ ಭಾಗದ ಸೇವೆಯನ್ನು ಬೇರೆ ಸಮುದಾಯದವರು, ಬೇರೆ ಸ್ಥಳದಲ್ಲಿ ನೆರವೇರಿಸುತ್ತಾರೆ. ಧರ್ಮಸ್ಥಳದಲ್ಲಿ ಜೈನ ಹೆಗ್ಗಡೆ ಮನೆತನ, ಶೈವ ದೇವಸ್ಥಾನ, ವೈಷ್ಣವ ಅರ್ಚಕರು, ಕಾಳರಾಹು-ಕಾಳರ್ಕಾಯಿ-ಕುಮಾರಸ್ವಾಮಿ-ಕನ್ಯಾಕುಮಾರಿ ಎಂಬ ಧರ್ಮದೈವಗಳು ಕೂಡಿ ನಡೆದಿರುವ ವ್ಯವಸ್ಥೆ ಈ ಬಗೆಯ ಹೊಂದಾಣಿಕೆಯ ಸುಪ್ರಸಿದ್ಧ ರೂಪ. ಸಣ್ಣ ಬೀಡುಗಳಲ್ಲಿ ಇದೇ ಹೊಂದಾಣಿಕೆ ಸದ್ದಿಲ್ಲದೆ, ಒಂದೊಂದೆಡೆ ಒಂದೊಂದು ತೆರನಾಗಿ ನಡೆದಿದೆ.

ಕಟ್ಟುವವರು

ಎರಡನೆಯದು ವೇಷದ ಕಟ್ಟು. ಪಂಬದ, ಪರವ, ನಲಿಕೆ ಎಂಬ ಮೂರು ಸಮುದಾಯಗಳು ತುಳುನಾಡಿನಲ್ಲಿ ದೈವಗಳ ಅಭಿವ್ಯಕ್ತಿಯ ಮುಖ್ಯ ಮಾಧ್ಯಮಗಳಾಗಿವೆ. ಉಡುಪಿ, ಕುಂದಾಪುರ ಕಡೆಯಲ್ಲಿ ಪಾಣಾರರು, ಕಾಸರಗೋಡಿನ ಭಾಗದಲ್ಲಿ ಕೋಪಾಳರು ಈ ಹೊಣೆಯನ್ನು ನಿರ್ವಹಿಸುತ್ತಾರೆ. ಚಂದ್ರಗಿರಿ ಹೊಳೆ ದಾಟಿದರೆ ಅದು ತೆಯ್ಯಂನ ನಾಡು. ಸ್ಥೂಲವಾಗಿ ಜುಮಾದಿ, ಕೊಡಮಣಿತ್ತಾಯ ಮೊದಲಾದ ರಾಜನ್ ದೈವಗಳನ್ನು ಪಂಬದರೂ ಪರವರೂ, ಪಂಜುರ್ಲಿ, ಕಲ್ಲುರ್ಟಿ, ಗುಳಿಗ ಮೊದಲಾದವನ್ನು ನಲಿಕೆಯವರೂ ಕಟ್ಟುತ್ತಾರೆಂದು ಹೇಳುವುದುಂಟು. ಈ ವಿಂಗಡಣೆ ಒಂದು ಹೋಬಳಿಗೆ ಸರಿಯಾದರೆ ಮುಂದಿನ ಹೋಬಳಿಗೆ ಸರಿಯಾಗುವುದಿಲ್ಲ. ಪಠ್ಯಪುಸ್ತಕಗಳಲ್ಲಿ ಇದನ್ನು ಕೋಷ್ಟಕವಾಗಿ ಕೊಡುವುದು ವಿದ್ಯಾರ್ಥಿಗಳನ್ನು ದಾರಿತಪ್ಪಿಸುವ ಕೆಲಸವೆಂದೇ ನನಗೆ ತೋರುತ್ತದೆ.

ಮುಖ್ಯವಾದುದು ದೈವಗಳ ಹಂಚಿಕೆಯಲ್ಲ, ಹಕ್ಕಿನ ಹಂಚಿಕೆ. ಇಂತಹ ಊರಿನ ಇಂತಹ ದೈವಕ್ಕೆ ಇಂತಹ ಕುಟುಂಬದವರೇ ಗಗ್ಗರ ಕಟ್ಟಬೇಕೆಂಬುದು ಕಟ್ಟು. ನೇಮಕ್ಕೆ ಮುನ್ನ ವೀಳ್ಯದೆಲೆ, ಅಡಿಕೆಗಳೊಂದಿಗೆ ಎಣ್ಣೆಯನ್ನು ನೀಡುವ ‘ಎಣ್ಣೆಬೂಳ್ಯ’ದ ವಿಧಿಯಲ್ಲಿ ಈ ಹಕ್ಕು ಪ್ರತಿವರ್ಷ ಬಹಿರಂಗವಾಗಿ ದೃಢವಾಗುತ್ತದೆ. ಆ ಬೂಳ್ಯವನ್ನು ಪಡೆದ ಕುಟುಂಬದೊಳಗೆ ಅಣಿಯ ಅಳತೆ, ಮುಖವರ್ಣಿಕೆಯ ಗೆರೆ, ಸಿರಿ ಎಂಬ ತೆಂಗಿನ ಎಳೆಗರಿಯ ಉಡುಗೆಯ ಹೆಣಿಗೆ, ನುಡಿಕಟ್ಟಿನ ವರಸೆ ತಂದೆಯಿಂದ ಮಗನಿಗೆ, ಸೋದರಮಾವನಿಂದ ಅಳಿಯನಿಗೆ ಹರಿದುಬರುತ್ತವೆ. ಪಾಡ್ದನದ ವಿಷಯದಲ್ಲಿ ಹೆಂಗಸರ ಪಾತ್ರ ದೊಡ್ಡದು. ಮುಖವರ್ಣಿಕೆ ನಡೆಯುತ್ತಿರುವಾಗ ಕಟ್ಟುವವನ ತಾಯಿ ಅಥವಾ ಹೆಂಡತಿ ತೆಂಬರೆ ಬಡಿಯುತ್ತ ಪಾಡ್ದನ ಹಾಡುತ್ತಾಳೆ. ಅವಳು ಮದುವೆಯಾಗಿ ಬೇರೆ ಊರಿನಿಂದ ಬಂದವಳಾದ್ದರಿಂದ ತವರಿನ ಪಾಠವೂ ಅವಳೊಂದಿಗೆ ಬಂದಿರುತ್ತದೆ. ಒಂದು ಕುಟುಂಬದ ಪಾಡ್ದನವೆಂದರೆ ಹೀಗೆ ಎರಡು ಮೂರು ಊರುಗಳ ಪಾಠಗಳು ಒಂದು ಗಂಟಲಿನಲ್ಲಿ ಕೂಡಿ ಹದಗೊಂಡದ್ದು.

ಜುಮಾದಿಯನ್ನು ಉದಾಹರಣೆಯಾಗಿ ನೋಡಬಹುದು. ಕಾಂತೇರಿ ಜುಮಾದಿ, ಸಾರಾಳ ಜುಮಾದಿ, ಮರ್ಲು ಜುಮಾದಿ ಎಂಬ ಹೆಸರುಗಳು ಒಂದೇ ದೈವದ ವಿಶೇಷಣಗಳೋ ಬೇರೆ ಬೇರೆ ದೈವಗಳೋ ಎಂಬ ಪ್ರಶ್ನೆಗೆ ಕಟ್ಟುವವರಿಂದ ಒಂದೇ ಉತ್ತರ ದೊರೆಯುವುದಿಲ್ಲ. ಮೀಸೆಯ ಮೊಗ, ಹೆಣ್ಣಿನ ಎದೆಗಟ್ಟು ಎರಡನ್ನೂ ಧರಿಸುವ ಈ ದೈವದೊಂದಿಗೆ ಬಂಟ ಎಂಬ ಸೇವಕದೈವ ಬರುವುದು ವಾಡಿಕೆ. ಫಲಕಗಳಲ್ಲಿ, ಆಮಂತ್ರಣಪತ್ರಿಕೆಗಳಲ್ಲಿ ಈಗ ಬಹುಪಾಲು ‘ಧೂಮಾವತಿ’ ಎಂದೇ ಮುದ್ರಿತವಾಗುತ್ತದೆ. ಪಂಜುರ್ಲಿಯನ್ನು ವರಾಹಾವತಾರದೊಂದಿಗೆ, ಬೆರ್ಮೆರನ್ನು ನಾಗಬ್ರಹ್ಮನೊಂದಿಗೆ ಸಮೀಕರಿಸುವುದೂ ಇದೇ ಪ್ರವೃತ್ತಿಯ ಭಾಗ. ಹೆಸರು ಒಂದಾದಾಗ ವಿಶೇಷಣಗಳು ಉದುರಿಹೋಗುತ್ತವೆ. ಕಾಂತೇರಿಯೂ ಧೂಮಾವತಿ, ಸಾರಾಳವೂ ಧೂಮಾವತಿ.

ಕಲ್ಕುಡ-ಕಲ್ಲುರ್ಟಿಯ ದಾರಿ

ಮೂರನೆಯದು ಹಾಡಿನ ಕಟ್ಟು. ಇದಕ್ಕೆ ಶಿರ್ತಾಡಿಯ ಆಸುಪಾಸಿನಲ್ಲಿ ಕಲ್ಕುಡ-ಕಲ್ಲುರ್ಟಿಯರ ಪಾಡ್ದನಕ್ಕಿಂತ ಉತ್ತಮ ನಿದರ್ಶನವಿಲ್ಲ. ಕಥೆ ಪರಿಚಿತವಾದುದೇ. ಶಂಭು ಕಲ್ಕುಡನ ಮಗ ಬೀರ ಕಲ್ಕುಡ ಕಾರ್ಕಳದಲ್ಲಿ ಗೊಮ್ಮಟನನ್ನು ಕೆತ್ತುತ್ತಾನೆ. ಅಂತಹ ಇನ್ನೊಂದು ವಿಗ್ರಹ ಬೇರೆಲ್ಲಿಯೂ ಆಗಬಾರದೆಂದು ಭೈರರಸ ಅವನ ಎಡಗೈ ಬಲಗಾಲುಗಳನ್ನು ಕಡಿಸುತ್ತಾನೆ. ಉಳಿದ ಒಂದು ಕೈ ಒಂದು ಕಾಲಿನಿಂದ ಅವನು ವೇಣೂರಿಗೆ ಬಂದು ಅಜಿಲರಿಗಾಗಿ ಮತ್ತೊಂದು ಗೊಮ್ಮಟನನ್ನು ಮಾಡಿಕೊಡುತ್ತಾನೆ. ಅಣ್ಣನನ್ನು ಹುಡುಕಿ ಬಂದ ತಂಗಿ ಕಲ್ಲುರ್ಟಿ ಅವನ ಸ್ಥಿತಿಯನ್ನು ಕಂಡು ಕನಲುತ್ತಾಳೆ. ಇಬ್ಬರೂ ಮಾಯವಾಗಿ ದೈವಗಳಾಗುತ್ತಾರೆ. ಭೈರರಸನ ಅರಮನೆ ಅದರ ಫಲವನ್ನು ಉಣ್ಣುತ್ತದೆ.

ಶಾಸನಗಳ ಪ್ರಕಾರ ಕಾರ್ಕಳದ ವಿಗ್ರಹ ಪ್ರತಿಷ್ಠೆಯಾದುದು 1432ರಲ್ಲಿ, ವೀರಪಾಂಡ್ಯನ ಕಾಲದಲ್ಲಿ. ವೇಣೂರಿನದು 1604ರಲ್ಲಿ, ತಿಮ್ಮಣ್ಣಾಜಿಲನ ಕಾಲದಲ್ಲಿ. ಎರಡರ ನಡುವೆ 172 ವರ್ಷಗಳ ಅಂತರವಿದೆ. ಒಬ್ಬನೇ ಶಿಲ್ಪಿ ಎರಡನ್ನೂ ಕೆತ್ತಿರಲಾರನೆಂದು ಇತಿಹಾಸಕಾರರು ಹೇಳುವುದು ಸರಿ. ಆದರೆ ಪಾಡ್ದನ ಲೆಕ್ಕಹಾಕುತ್ತಿರುವುದು ವರ್ಷಗಳನ್ನಲ್ಲ, ಎರಡು ಅರಸುಮನೆತನಗಳ ನಡುವಣ ದೂರವನ್ನು. ವೇಣೂರಿನಲ್ಲಿ ವಿಗ್ರಹ ಸ್ಥಾಪನೆಯಾಗುವುದನ್ನು ಕಾರ್ಕಳದ ಅರಸ ಸಹಿಸದೆ ದಂಡೆತ್ತಿ ಬಂದನೆಂಬ, ಅಜಿಲರು ವಿಗ್ರಹವನ್ನು ಫಲ್ಗುಣಿ ನದಿಯ ಮರಳಿನಲ್ಲಿ ಮುಚ್ಚಿಟ್ಟರೆಂಬ ಐತಿಹ್ಯ ಬೇರೆಯೇ ಇದೆ. ಆ ವೈಮನಸ್ಸು ಅರಮನೆಯ ಕಡೆಯಿಂದ ಒಂದು ರೀತಿ ನೆನಪಾಗಿದೆ, ಕಲ್ಲುಕುಟಿಗನ ಕಡೆಯಿಂದ ಮತ್ತೊಂದು ರೀತಿ.

ಈ ಪಾಡ್ದನದ ಮೊದಲ ಭಾಗ ಕುಟುಂಬದಿಂದ ಕುಟುಂಬಕ್ಕೆ ಹೆಚ್ಚು ಬದಲಾಗುವುದಿಲ್ಲ. ಬದಲಾಗುವುದು ಮಾಯವಾದ ಅನಂತರದ ಭಾಗ. ದೈವ ಯಾವ ಕಟ್ಟೆಯಲ್ಲಿ ಕುಳಿತಿತು, ಯಾವ ಹೊಳೆ ದಾಟಿತು, ಯಾರ ಕೊಡೆಯ ನೆರಳಿನಲ್ಲಿ ಬಂದಿತು, ಯಾವ ಮನೆಯ ಹಟ್ಟಿಯ ದನ ಹಾಲು ಕೊಡದಂತೆ ಮಾಡಿ ತನ್ನ ಇರವನ್ನು ತಿಳಿಸಿತು, ಪ್ರಶ್ನೆಯಿಟ್ಟು ನೋಡಿದಾಗ ಯಾವ ಸ್ಥಾನವನ್ನು ಬೇಡಿತು – ಈ ವಿವರಗಳೆಲ್ಲ ಹಾಡುವ ಊರಿಗೆ ತಕ್ಕಂತೆ ಇರುತ್ತವೆ, ಹಾಡು ಮುಗಿಯುವುದು ನೇಮ ನಡೆಯುತ್ತಿರುವ ಸ್ಥಾನದಲ್ಲಿಯೇ. ಈ ಕೊನೆಯ ಭಾಗವನ್ನು ಸಂಗ್ರಾಹಕರು ‘ಪುನರುಕ್ತಿ’ಯೆಂದು ಕೈಬಿಡುವುದುಂಟು. ವಾಸ್ತವವಾಗಿ ಆ ಸ್ಥಾನಕ್ಕೆ ದೈವದ ಮೇಲಿರುವ ಹಕ್ಕು, ದೈವಕ್ಕೆ ಆ ನೆಲದ ಮೇಲಿರುವ ಹಕ್ಕು ಎರಡಕ್ಕೂ ಆಧಾರವಿರುವುದು ಅಲ್ಲಿಯೇ. ಮನೆತನದ ದಸ್ತಾವೇಜಿನಲ್ಲಿ ಚೆಕ್ಕುಬಂದಿಯ ವಿವರವಿದ್ದಂತೆ ಅದು.

ಜೊತೆಗಾರಿಕೆಯ ಭೇದವೂ ಗಮನಾರ್ಹ. ಬಂಟ್ವಾಳ ತಾಲೂಕಿನ ಸಜಿಪಮೂಡದ ಪಣೋಲಿಬೈಲಿನಲ್ಲಿ ಕಲ್ಲುರ್ಟಿ ಅಣ್ಣ ಕಲ್ಕುಡನೊಂದಿಗೆ ನೆಲೆಸಿದ್ದಾಳೆ. ಅಲ್ಲಿ ಅಗೆಲು, ಕೋಲಗಳ ಹರಕೆ ಹೊತ್ತು ದೂರದೂರುಗಳಿಂದ, ಜಾತಿಮತಗಳ ಭೇದವಿಲ್ಲದೆ ಜನ ಬರುತ್ತಾರೆ. ಅವಳು ಸರ್ವರಿಗೂ ಒಲಿಯುವ ತಾಯಿ, ಸತ್ಯದೇವತೆ. ಅದೇ ಕಲ್ಲುರ್ಟಿ ಅನೇಕ ಮನೆಗಳಲ್ಲಿ ಪಂಜುರ್ಲಿಯ ಜೊತೆಗಾರ್ತಿ. ಇನ್ನು ಕೆಲವೆಡೆ ಪಂಜುರ್ಲಿಯ ಜೊತೆಗಿರುವವಳು ವರ್ತೆ. ವರ್ತೆಯೂ ಕಲ್ಲುರ್ಟಿಯೂ ಒಬ್ಬಳೆಯೆ, ಅವಳು ಪಂಜುರ್ಲಿಗೆ ತಂಗಿಯೆ, ಮಡದಿಯೆ ಎಂಬುದರಲ್ಲಿ ಪಾಡ್ದನಗಳು ಒಮ್ಮತಕ್ಕೆ ಬರುವುದಿಲ್ಲ. ಅಣ್ಣನೊಂದಿಗಿರುವ ಕಲ್ಲುರ್ಟಿಯ ಕಟ್ಟಿನಲ್ಲಿ ಅನ್ಯಾಯದ ನೆನಪು ಮುಂದಿರುತ್ತದೆ. ಪಂಜುರ್ಲಿಯೊಂದಿಗಿರುವವಳ ಕಟ್ಟಿನಲ್ಲಿ ಬೆಳೆ, ಹಟ್ಟಿ, ಮನೆಗಳ ಕಾವಲು ಮುಂದಿರುತ್ತದೆ. ಇವುಗಳಲ್ಲಿ ಒಂದನ್ನು ಮೂಲವೆಂದು, ಇನ್ನೊಂದನ್ನು ವಿಕೃತಿಯೆಂದು ಹೇಳಲು ಆಧಾರವಿಲ್ಲ.

ಕೋಲ-ನೇಮಗಳ ಆಚೆಗೆ ಸಿರಿಯ ಆರಾಧನೆಯಲ್ಲಿ ಒಳಪರಂಪರೆಯ ಸ್ವರೂಪ ಬೇರೆ. ನಂದಳಿಕೆ, ಕವತ್ತಾರು ಮೊದಲಾದ ಆಲಡೆಗಳ ಜಾತ್ರೆಗಳಲ್ಲಿ ಸಿರಿ, ಸೊನ್ನೆ, ಅಬ್ಬಗ-ದಾರಗರ ಆವೇಶಕ್ಕೊಳಗಾಗುವ ಹೆಂಗಸರು ನೂರಾರು ಸಂಖ್ಯೆಯಲ್ಲಿ ಸೇರುತ್ತಾರೆ. ಇಲ್ಲಿ ಹುಟ್ಟಿನಿಂದ ಬಂದ ಹಕ್ಕಿಗಿಂತ ಆವೇಶದಿಂದ ಬಂದ ಸಂಬಂಧ ಮುಖ್ಯ. ಕುಮಾರನ ಆವೇಶ ಹೊಂದುವ ಗಂಡಸಿನ ನಾಯಕತ್ವದಲ್ಲಿ ಗುಂಪು ಕೂಡುತ್ತದೆ; ದಲ್ಯವೆಂಬ ಆಚರಣೆಯಲ್ಲಿ ಹೊಸಬಳ ಮೈಮೇಲೆ ಬಂದುದು ಯಾರೆಂಬುದನ್ನು ಹಾಡಿನ ಮೂಲಕ ಕೇಳಿ ಗುರುತಿಸಿ, ಅವಳನ್ನು ಸಿರಿಕುಲಕ್ಕೆ ಸೇರಿಸಿಕೊಳ್ಳುತ್ತಾರೆ. ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು ಇಂತಹ ಗುಂಪಿನ ನಾಯಕರಾಗಿದ್ದರು. ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ ಅವರ ತಂಡ 1990ರಲ್ಲಿ ಅವರಿಂದ ದಾಖಲಿಸಿಕೊಂಡ ಸಿರಿ ಮಹಾಕಾವ್ಯ 15,683 ಸಾಲುಗಳಷ್ಟು ದೀರ್ಘವಾಗಿದ್ದು 1998ರಲ್ಲಿ ಪ್ರಕಟವಾಯಿತು.

ಪಶ್ಚಿಮದ ಒಂದು ಹೋಲಿಕೆ

ಗ್ರಂಥವಿಲ್ಲದ ಆರಾಧನೆಯೊಳಗೆ ಒಳಪರಂಪರೆಗಳು ಹೇಗೆ ಹುಟ್ಟುತ್ತವೆ, ಅವುಗಳಿಗೆ ಅಧಿಕಾರ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯನ್ನು ತುಸು ದೂರದಿಂದ ನೋಡುವುದಕ್ಕೆ ಇಪ್ಪತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಹುಟ್ಟಿದ ವಿಕ್ಕಾ ಎಂಬ ಪಂಥ ನೆರವಾಗುತ್ತದೆ. ಕನ್ನಡದಲ್ಲಿ ಇದನ್ನು ‘ಮಾಟಗಾತಿಯರ ಧರ್ಮ’ ಎಂದು ಅನುವಾದಿಸಿದರೆ ತಪ್ಪು ಕಲ್ಪನೆಗೆ ಎಡೆಯಾಗುತ್ತದೆ. ಕೇಡು ಬಗೆಯುವ ಮಾಟ-ಮದ್ದುಗಳಿಗೂ ಇದಕ್ಕೂ ಸಂಬಂಧವಿಲ್ಲ; ಋತುಗಳ ಆವರ್ತನೆಯನ್ನು, ಒಬ್ಬ ದೇವಿಯನ್ನು, ಬಹುಮಟ್ಟಿಗೆ ಕೊಂಬುಳ್ಳ ಒಬ್ಬ ದೇವನನ್ನು ಆರಾಧಿಸುವ ಸಣ್ಣ ಸಣ್ಣ ಕೂಟಗಳ ಪಂಥವಿದು. ಸಿಂಹಳದ ತೋಟಗಳಲ್ಲಿ, ಮಲಯದ ಸುಂಕದ ಇಲಾಖೆಯಲ್ಲಿ ದುಡಿದು ಊರಿಗೆ ಮರಳಿದ ಜೆರಾಲ್ಡ್ ಗಾರ್ಡ್ನರ್ (1884–1964) ಇದರ ಪ್ರವರ್ತಕ. ವಾಮಾಚಾರದ ವಿರುದ್ಧದ ಹಳೆಯ ಕಾನೂನು 1951ರಲ್ಲಿ ರದ್ದಾದ ಬಳಿಕ 1954ರಲ್ಲಿ ಅವನ ಪುಸ್ತಕ ಹೊರಬಂದಿತು. ಕ್ರೈಸ್ತಪೂರ್ವ ಧರ್ಮವೊಂದು ಗುಟ್ಟಾಗಿ ಉಳಿದುಬಂದಿದೆ ಎಂಬುದು ಅವನ ಹೇಳಿಕೆ. ಮಾರ್ಗರೆಟ್ ಮರೆ 1921ರಲ್ಲಿ ಮಂಡಿಸಿದ ವಾದ ಇದಕ್ಕೆ ಬೆಂಬಲವಾಗಿತ್ತು. ಆ ವಾದವನ್ನು ಇತಿಹಾಸಕಾರರು ಒಪ್ಪಲಿಲ್ಲ. ರೊನಾಲ್ಡ್ ಹಟನ್ 1999ರ ಗ್ರಂಥದಲ್ಲಿ ವಿಕ್ಕಾ ಆಧುನಿಕ ಕಾಲದಲ್ಲಿಯೇ ರೂಪುಗೊಂಡ ಧರ್ಮವೆಂಬುದನ್ನು ವಿವರವಾಗಿ ತೋರಿಸಿದ್ದಾರೆ.

ಆ ಪಂಥದೊಳಗಿನ ಶಾಖೆಗಳು ಒಂದೊಂದಕ್ಕೂ ಹೆಸರು, ಸ್ಥಾಪಕ, ಕಾಲ ಎಲ್ಲವೂ ಇವೆ. ಗಾರ್ಡ್ನರನ ಶಾಖೆಯಲ್ಲಿ ದೀಕ್ಷೆ ಪಡೆದವರಿಂದಲೇ ದೀಕ್ಷೆ ಸಿಗಬೇಕು. ಆಚರಣೆಗಳ ಪುಸ್ತಕವನ್ನು ಗುರುವಿನ ಪ್ರತಿಯಿಂದ ಶಿಷ್ಯ ಕೈಯಾರೆ ನಕಲು ಮಾಡಿಕೊಳ್ಳಬೇಕು. ಆ ಪುಸ್ತಕದ ಬಹುಭಾಗವನ್ನು ಡೋರೀನ್ ವ್ಯಾಲಿಯೆಂಟ್ ಎಂಬ ಕವಯಿತ್ರಿ 1950ರ ದಶಕದಲ್ಲಿ ಹೊಸದಾಗಿ ಬರೆದರು. 1960ರ ದಶಕದಲ್ಲಿ ಅಲೆಕ್ಸ್ ಸ್ಯಾಂಡರ್ಸ್‌ನಿಂದ ಎರಡನೆಯ ಶಾಖೆ ಹೊರಟಿತು. 1971ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಜ಼ಡ್ ಬುಡಪೆಸ್ಟ್ ದೇವಿಯನ್ನು ಮಾತ್ರ ಆರಾಧಿಸುವ ಹೆಂಗಸರದೇ ಕೂಟವನ್ನು ಕಟ್ಟಿದರು. ಗಾರ್ಡ್ನರನ ಶಾಖೆಯನ್ನು ಅಮೆರಿಕಕ್ಕೆ ಒಯ್ದ ರೇಮಂಡ್ ಬಕ್ಲೆಂಡ್ 1970ರ ದಶಕದ ಮೊದಲ ಭಾಗದಲ್ಲಿ ತನ್ನದೇ ಶಾಖೆಯನ್ನು ಸ್ಥಾಪಿಸಿ, ಅದರ ವಿಧಿಗಳನ್ನೆಲ್ಲ ಪುಸ್ತಕವಾಗಿ ಪ್ರಕಟಿಸಿ, ಗುರುವಿಲ್ಲದೆ ತನಗೆ ತಾನೇ ದೀಕ್ಷೆ ಕೊಟ್ಟುಕೊಳ್ಳಬಹುದೆಂದನು. 1988ರಲ್ಲಿ ಸ್ಕಾಟ್ ಕನಿಂಗ್‌ಹ್ಯಾಮ್ ಕೂಟವೇ ಇಲ್ಲದೆ ಒಬ್ಬಂಟಿಯಾಗಿ ಆಚರಿಸುವವರಿಗೆ ಕೈಪಿಡಿ ಬರೆದನು. ಎಂದರೆ ಕೈಬರಹದ ಗುಟ್ಟು ಅಚ್ಚಾದುದೇ ತಡ, ಶಾಖೆಗಳು ಹತ್ತಾರಾದವು.

ಅಲ್ಲಿ ಅಚ್ಚು ಒಳಪರಂಪರೆಗಳನ್ನು ಹೆಚ್ಚಿಸಿತು. ತುಳುನಾಡಿನಲ್ಲಿ ಅದು ಕಡಿಮೆ ಮಾಡುತ್ತಿದೆ. ಈ ವಿಪರ್ಯಯಕ್ಕೆ ಕಾರಣ ಅಧಿಕಾರದ ಮೂಲದಲ್ಲಿದೆ. ವಿಕ್ಕಾದಲ್ಲಿ ಹಕ್ಕು ಬರುವುದು ದೀಕ್ಷೆಯಿಂದ ಮತ್ತು ಪಾಠದಿಂದ. ಪಾಠ ಪೇಟೆಯಲ್ಲಿ ಸಿಕ್ಕಿದರೆ ಹಕ್ಕೂ ಸಿಕ್ಕಿದಂತೆಯೇ. ಭೂತಾರಾಧನೆಯಲ್ಲಿ ಹಕ್ಕು ಬರುವುದು ನೆಲ, ಗುತ್ತು, ಬೂಳ್ಯಗಳಿಂದ. ಪಾಡ್ದನದ ಪುಸ್ತಕ ಕೊಂಡವನಿಗೆ ಗಗ್ಗರ ಕಟ್ಟುವ ಹಕ್ಕು ಬರುವುದಿಲ್ಲ. ಆದರೆ ಕಟ್ಟುವವರ ಹಾಡನ್ನು ತಿದ್ದುವ ಧೈರ್ಯ ಬರುತ್ತದೆ.

ಅಚ್ಚಿನ ಪಾಠ

ಬಾಸೆಲ್ ಮಿಶನ್ನಿನ ಅಗಸ್ಟ್ ಮ್ಯಾನರ್ 1886ರಲ್ಲಿ ಮಂಗಳೂರಿನಿಂದ ಪಾಡ್ದನಗಳ ಸಂಗ್ರಹವನ್ನು ಹೊರತಂದರು. ಎ. ಸಿ. ಬರ್ನೆಲ್ ಸಂಗ್ರಹಿಸಿದ್ದ ಪಾಠಗಳು ಅವರ ನಿಧನಾನಂತರ 1894ರಿಂದ 1897ರವರೆಗೆ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟವಾದವು. ಹಾಡಿದವರಾರು, ಯಾವ ಸ್ಥಾನದ ನೇಮಕ್ಕಾಗಿ ಎಂಬ ವಿವರಗಳಿಗೆ ಆ ಕಾಲದ ಸಂಗ್ರಹದಲ್ಲಿ ಮಹತ್ತ್ವವಿರಲಿಲ್ಲ. ಆ ಪುಸ್ತಕಗಳನ್ನು ನೇಮದ ಅಂಗಳಕ್ಕೆ ಯಾರೂ ಒಯ್ಯದ ಕಾರಣ ಅದರಿಂದ ಕೇಡೂ ಆಗಲಿಲ್ಲ. 1980ರ ದಶಕದಿಂದೀಚೆಗೆ ಬಿ. ಎ. ವಿವೇಕ ರೈ, ಅಮೃತ ಸೋಮೇಶ್ವರ, ಕೆ. ಚಿನ್ನಪ್ಪ ಗೌಡ, ಯು. ಪಿ. ಉಪಾಧ್ಯಾಯ ದಂಪತಿ, ಪೀಟರ್ ಕ್ಲಾಸ್ ಮೊದಲಾದವರ ಅಧ್ಯಯನಗಳು ಪ್ರದರ್ಶನದ ಸಂದರ್ಭವನ್ನು ಮುಂದೆ ತಂದವು. ಹಾಂಕೊ ಅವರ ಗ್ರಂಥದ ಶೀರ್ಷಿಕೆಯಲ್ಲಿಯೇ ‘ಗೋಪಾಲ ನಾಯ್ಕರು ಪ್ರದರ್ಶಿಸಿದಂತೆ’ ಎಂಬ ಮಾತಿದೆ. ಎ. ವಿ. ನಾವಡರು ತಮ್ಮ ಸಂಪಾದನೆಯನ್ನು ‘ರಾಮಕ್ಕ ಮುಗ್ಗೇರ್ತಿ ಕಟ್ಟಿದ ಸಿರಿ ಪಾಡ್ದನ’ ಎಂದು ಕರೆದರು. ಇದು ಒಬ್ಬರ ಕಟ್ಟು, ಎಲ್ಲರದಲ್ಲ ಎಂಬುದನ್ನು ಈ ಎರಡು ಶೀರ್ಷಿಕೆಗಳು ಮುಖಪುಟದಲ್ಲಿಯೇ ಹೇಳುತ್ತವೆ. ಇಂತಹ ಎಚ್ಚರವಿಲ್ಲದ ಸಂಗ್ರಹಗಳೇ ಹೆಚ್ಚು.

ಈ ನಡುವೆ ನೇಮದ ವ್ಯವಸ್ಥೆಯೂ ಬದಲಾಯಿತು. 1974ರ ಭೂಸುಧಾರಣಾ ತಿದ್ದುಪಡಿಯ ಬಳಿಕ ಗೇಣಿಯ ಆದಾಯ ಕಳೆದುಕೊಂಡ ಗುತ್ತುಗಳಿಂದ ಯಜಮಾನಿಕೆ ಕ್ರಮೇಣ ಸಮಿತಿಗಳಿಗೆ ಸರಿಯಿತು. ಜೀರ್ಣೋದ್ಧಾರ, ಅಷ್ಟಮಂಗಲ ಪ್ರಶ್ನೆ, ಬ್ರಹ್ಮಕಲಶಗಳು ದೈವಸ್ಥಾನಗಳಿಗೆ ಒಂದೇ ಅಚ್ಚಿನ ಕಟ್ಟಡವನ್ನೂ ಒಂದೇ ಬಗೆಯ ಸ್ಥಳಪುರಾಣವನ್ನೂ ತಂದವು. 2022ರಲ್ಲಿ ‘ಕಾಂತಾರ’ ಚಲನಚಿತ್ರ ತೆರೆಕಂಡ ಮೇಲೆ ದೈವಾರಾಧನೆಯನ್ನು ಕಂಡರಿಯದ ನಾಡಿನವರಿಗೂ ಪಂಜುರ್ಲಿ, ಗುಳಿಗರ ಹೆಸರು ಗೊತ್ತಾಯಿತು. ಅದೇ ವರ್ಷ ಅರವತ್ತು ದಾಟಿದ ದೈವನರ್ತಕರಿಗೆ ಮಾಸಾಶನವನ್ನು ಸರಕಾರ ಘೋಷಿಸಿತು, ಅದು ಸ್ವಾಗತಾರ್ಹ. ಆದರೆ ಪಂಜುರ್ಲಿಯ ಮುಖವರ್ಣಿಕೆ ಹೀಗೆಯೇ ಇರಬೇಕು, ಕೂಗು ಹೀಗೆಯೇ ಇರಬೇಕು ಎಂಬ ನಿರೀಕ್ಷೆ ಈಗ ತೆರೆಯಿಂದ ಅಂಗಳಕ್ಕೆ ಇಳಿಯುತ್ತಿರುವುದೂ ಕಾಣುತ್ತದೆ.

ಹಳೆಯ ಕಟ್ಟುಗಳೆಲ್ಲವೂ ಉಳಿಯಬೇಕೆಂಬುದು ನನ್ನ ವಾದವಲ್ಲ. ಕೊರಗರನ್ನು ಅವಮಾನಕ್ಕೀಡುಮಾಡುತ್ತಿದ್ದ ಅಜಲು ಪದ್ಧತಿಯೂ ‘ಕಟ್ಟು’ ಎಂದೇ ಸಮರ್ಥನೆಗೊಳ್ಳುತ್ತಿತ್ತು. 2000ದ ಕಾಯಿದೆ ಅದನ್ನು ನಿಷೇಧಿಸಿದುದು ನ್ಯಾಯವೇ ಆಗಿದೆ. ಪಾಡ್ದನದ ವಿಷಯ ಹಾಗಲ್ಲ. ಕಟ್ಟುವ ಸಮುದಾಯಗಳು ಪರಿಶಿಷ್ಟ ಜಾತಿಗೆ ಸೇರಿದವು. ಗಗ್ಗರ ಬಿಚ್ಚಿದ ಮರುಗಳಿಗೆ ಅವರ ಸ್ಥಾನ ಅಂಗಳದ ಅಂಚು ಎಂಬುದನ್ನು ಮರೆಮಾಚಬೇಕಾಗಿಲ್ಲ. ಆ ಅಸಮಾನ ವ್ಯವಸ್ಥೆಯೊಳಗೆ ಯಜಮಾನನು ಪೂರ್ಣವಾಗಿ ಅವರನ್ನೇ ಅವಲಂಬಿಸಿದ್ದ ಒಂದು ಕ್ಷೇತ್ರವೆಂದರೆ ಪಾಡ್ದನದ ಅರಿವು. ನಿಮ್ಮ ಮನೆಗೆ ದೈವ ಬಂದ ಬಗೆ ನಿಮಗಿಂತ ನಮಗೆ ಚೆನ್ನಾಗಿ ಗೊತ್ತು ಎಂಬ ಸ್ಥಾನ ಅದು. ಅದೂ ಪುಸ್ತಕದ ರೂಪದಲ್ಲಿ ಸಮಿತಿಯ ಕೈಸೇರಿದರೆ ಕಟ್ಟುವವರಿಗೆ ಉಳಿಯುವುದು ಕೂಲಿ ಮಾತ್ರ.

ಇದನ್ನು ನಾನು ಪರರನ್ನು ದೂರುವುದಕ್ಕಾಗಿ ಹೇಳುತ್ತಿಲ್ಲ. ಸಂಶೋಧನೆಯ ಆರಂಭದ ದಿನಗಳಲ್ಲಿ ಶಿರ್ತಾಡಿಯ ಆಸುಪಾಸಿನಲ್ಲಿ ವೃದ್ಧೆಯೊಬ್ಬರಿಂದ ಕಲ್ಲುರ್ಟಿಯ ಪಾಡ್ದನವನ್ನು ಧ್ವನಿಮುದ್ರಿಸಿಕೊಂಡು, ಕೊನೆಯ ದಾರಿಯ ಭಾಗವನ್ನು ಸಂಕ್ಷೇಪಿಸಿ, ಶೀರ್ಷಿಕೆಯಲ್ಲಿ ಬರಿಯ ‘ಕಲ್ಲುರ್ಟಿ ಪಾಡ್ದನ’ ಎಂದು ಕೊಟ್ಟು ಪ್ರಕಟಿಸಿದ್ದೆ. ಹಾಡಿದವರ ಹೆಸರು ಕೃತಜ್ಞತೆಯ ಪುಟದಲ್ಲಿತ್ತು. ಕೆಲವು ವರ್ಷಗಳ ಅನಂತರ ಒಂದೆರಡು ಗ್ರಾಮಗಳಾಚೆ ಒಂದು ನೇಮಕ್ಕೆ ಹೋದಾಗ ಸಮಿತಿಯ ಯುವಕರ ಕೈಯಲ್ಲಿ ಅದೇ ಪುಟಗಳ ನೆರಳಚ್ಚು ಪ್ರತಿ ಇತ್ತು. ತೆಂಬರೆ ಹಿಡಿದು ಕುಳಿತಿದ್ದ ಬೇರೆ ಕುಟುಂಬದ ಹೆಂಗಸಿಗೆ, ಒಂದು ಸಂಗತಿ ಬಿಟ್ಟುಹೋಗಿದೆ, ಪುಸ್ತಕದಲ್ಲಿ ಹೀಗಿಲ್ಲ ಎಂದು ಅವರು ವಿನಯದಿಂದಲೇ ತಿಳಿಸುತ್ತಿದ್ದರು. ಆಕೆ ವಾದಿಸಲಿಲ್ಲ. ಪುಸ್ತಕ ಬರೆದವರು ಅಲ್ಲಿಯೇ ನಿಂತಿದ್ದಾರೆಂಬುದು ಅವರಿಗೆ ತಿಳಿದಿರಲಿಲ್ಲ. ಹೇಳುವ ಧೈರ್ಯ ಆ ರಾತ್ರಿ ನನಗೂ ಆಗಲಿಲ್ಲ.

ಮರುವರ್ಷ ಅವರ ಮನೆಗೆ ಹೋಗಿ ಅವರ ಕಟ್ಟನ್ನು ಪೂರ್ತಿಯಾಗಿ ಕೇಳಿಕೊಂಡೆ. ನನ್ನ ಮುದ್ರಿತ ಪಾಠದಲ್ಲಿಲ್ಲದ ಎರಡು ಕಟ್ಟೆಗಳು, ಒಂದು ಹೊಳೆ, ಹಾಳುಬಿದ್ದ ಒಂದು ಮನೆಯ ಹೆಸರು ಅದರಲ್ಲಿ ಬಂದವು. ಆ ಮನೆಯ ಜಾಗ ಎಲ್ಲಿದೆಯೆಂದು ಅವರ ಮಗ ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದರು: ರಬ್ಬರ್ ತೋಟದ ನಡುವೆ ಮುರಕಲ್ಲಿನ ಪಂಚಾಂಗ, ಅದರ ಪಕ್ಕದಲ್ಲಿ ದೀಪವಿಡುವ ಗೂಡೊಂದು. ನೇಮದ ದಿನ ಆ ಹೆಸರನ್ನು ಈಗ ಹಾಡುವುದಿಲ್ಲವೆಂದು, ಹಾಡಿದರೆ ತಪ್ಪು ಎನ್ನುತ್ತಾರೆಂದು ದಾರಿಯಲ್ಲಿ ಹೇಳಿದರು.